ಕ್ಯಾಟಟೋನಿಯ ಚಿಕಿತ್ಸೆಯಲ್ಲಿ ಖಿನ್ನತೆಯ ಔಷಧಿ: ಒಂದು ವಿಮರ್ಶೆ

ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯವು 1246ರಲ್ಲಿ ನಿರ್ಮಿತವಾದುದು. ಅದರ ಹೊರಗೋಡೆಯ ವಿಗ್ರಹಗಳ ಕೆಳಗೆ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳು ತಮ್ಮ ಹೆಸರುಗಳನ್ನು ಕೆತ್ತಿರುವುದರಿಂದ ಯಾವುದು ಯಾರ ಕೃತಿಯೆಂದು ನಾವು ಧೈರ್ಯವಾಗಿ ಹೇಳಬಲ್ಲೆವು. ಹೆಸರಿಲ್ಲದ ಕಡೆ ಚರಿತ್ರಕಾರನು ಸಂಯಮ ತಾಳುತ್ತಾನೆ. ಹಲವು ಔಷಧಿಗಳು ಕೂಡಿ ದುಡಿದ ಕಡೆಯೂ ಇದೇ ಸಂಯಮ ಬೇಕೆಂಬುದು ನಮ್ಮ ವಾದ.

ರೋಗಿಯು ಮಾತು, ಚಲನೆಗಳನ್ನು ನಿಲ್ಲಿಸಿ, ಅನ್ನನೀರು ತೊರೆದು, ಇರಿಸಿದ ಭಂಗಿಯಲ್ಲಿಯೇ ಉಳಿಯುವ ಸ್ಥಿತಿಗೆ ಕ್ಯಾಟಟೋನಿಯವೆಂದು ಹೆಸರು. 1874ರಲ್ಲಿ ಇದನ್ನು ಗ್ರಂಥರೂಪವಾಗಿ ವರ್ಣಿಸಿದವನು ಜರ್ಮನಿಯ ಕಾಲ್‌ಬೌಮ್. ತರುವಾಯ ಕ್ರೇಪೆಲಿನನು ಇದನ್ನು, ಮುಂದೆ ಸ್ಕಿಜೊಫ್ರೇನಿಯವೆನಿಸಿದ ರೋಗದ ಅಂಗವಾಗಿ ಪರಿಗಣಿಸಿದನು. ಖಿನ್ನತೆ, ಉನ್ಮಾದಗಳಲ್ಲಿಯೂ ಇದು ಹೇರಳವಾಗಿ ಕಂಡುಬರುವುದೆಂಬ ಅಂಶಕ್ಕೆ 1970ರ ದಶಕದಲ್ಲಿ ಮತ್ತೆ ಮನ್ನಣೆ ದೊರೆಯಿತು.

ಹೀಗಿರಲು, ಖಿನ್ನತೆಯಿಂದ ಹುಟ್ಟಿದ ಸ್ತಬ್ಧತೆಗೆ ಖಿನ್ನತೆಯ ಔಷಧಿಯೇ ಮದ್ದೆಂಬ ತರ್ಕವು ಸಹಜವೆನಿಸಬಹುದು. 1957ರಲ್ಲಿ ಸ್ವಿಟ್ಸರ್‌ಲೆಂಡಿನ ಕೂನ್ ಎಂಬ ವೈದ್ಯನು ಇಮಿಪ್ರಮೀನಿನ ಗುಣವನ್ನು ಪ್ರಕಟಿಸಿದಂದಿನಿಂದ ಇಂಥ ಔಷಧಿಗಳು ಬಹುಜನರಿಗೆ ಉಪಕರಿಸಿವೆಯೆಂಬುದು ನಿರ್ವಿವಾದ. ಆದರೆ ಕ್ಯಾಟಟೋನಿಯದ ಮಟ್ಟಿಗೆ ಇವುಗಳ ಪರವಾದ ಸಾಕ್ಷ್ಯವು ಬಹುಮಟ್ಟಿಗೆ ಬಿಡಿ ರೋಗಿಗಳ ವೃತ್ತಾಂತಗಳಿಗೆ ಸೀಮಿತವಾಗಿದೆ. ಜೊತೆಯಲ್ಲಿ ಲೊರಾಜೆಪಾಮ್ ಅಥವಾ ವಿದ್ಯುತ್ ಚಿಕಿತ್ಸೆಯೂ ಸಂದಿದ್ದರೆ, ಗುಣದ ಕೀರ್ತಿಯನ್ನು ಯಾವುದಕ್ಕೆ ಸಲ್ಲಿಸುವುದು?

ಕಾಲದ ಪ್ರಶ್ನೆ ಇನ್ನೂ ಗುರುತರವಾದುದು. ಖಿನ್ನತೆಯ ಔಷಧಿಯ ಫಲ ಕಾಣಲು ಸಾಮಾನ್ಯವಾಗಿ ವಾರಗಳು ಹಿಡಿಯುತ್ತವೆ. ಲೊರಾಜೆಪಾಮ್ ಅನೇಕರಲ್ಲಿ ಕೆಲವು ನಿಮಿಷ, ಗಂಟೆಗಳಲ್ಲಿಯೇ ಫಲ ತೋರುತ್ತದೆ. ಅದು ಸೋತರೆ, 1938ರಲ್ಲಿ ರೋಮ್ ನಗರದಲ್ಲಿ ಆರಂಭವಾದ ವಿದ್ಯುತ್ ಚಿಕಿತ್ಸೆಯಿದೆ. ಉಣ್ಣದೆ, ಕುಡಿಯದೆ, ಅಲುಗದೆ ಇರುವವನ ದೇಹದಲ್ಲಿ ನೀರು ಬತ್ತುತ್ತದೆ, ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು. ಅವನಿಗೆ ವಾರಗಳ ಅವಕಾಶವಿಲ್ಲ.

ಮೂಲವಾದ ಖಿನ್ನತೆಯನ್ನು ಬಿಟ್ಟು ಲಕ್ಷಣವನ್ನಷ್ಟೇ ನೀಗಿದರೆ ಸಾಕೇ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪವು ಯುಕ್ತವಾದುದೇ. ಸ್ತಬ್ಧತೆ ಕಳೆದ ಬಳಿಕ ಆ ಖಿನ್ನತೆಯನ್ನು ನಿವಾರಿಸಲು, ಅದು ಮರುಕಳಿಸದಂತೆ ತಡೆಯಲು ಈ ಔಷಧಿಗೆ ನ್ಯಾಯವಾದ ಸ್ಥಾನವುಂಟು. ನಾವು ನಿರಾಕರಿಸುವುದು ಅದಕ್ಕೆ ಕೊಡುವ ಮೊದಲ ಸ್ಥಾನವನ್ನು ಮಾತ್ರ. 1974ರಲ್ಲಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಕ್ಯಾಟಟೋನಿಯವನ್ನು ಕುರಿತು ಪ್ರಕಟಿಸಿರುವ ಲೇಖನಗಳಲ್ಲಿಯೂ ಲೊರಾಜೆಪಾಮ್ ಮತ್ತು ವಿದ್ಯುತ್ ಚಿಕಿತ್ಸೆಗಳೇ ಮುಖ್ಯ ವಿಷಯವಾಗಿವೆ.

ನುಗ್ಗೇಹಳ್ಳಿಯಂಥ ಊರಿನಲ್ಲಿ ಒಬ್ಬನು ಮಾತು, ಊಟಗಳನ್ನು ಬಿಟ್ಟು ಕುಳಿತರೆ, ಮನೆಯವರು ಹಳೆಯ ಖಿನ್ನತೆಯ ಮಾತ್ರೆಯನ್ನು ನಂಬಿ ದಿನ ಕಳೆಯದೆ ಅಂದೇ ಅವನನ್ನು ಆಸ್ಪತ್ರೆಗೆ ಕರೆದೊಯ್ಯಬೇಕು. ವಿಗ್ರಹದ ಕರ್ತೃವನ್ನು ತಪ್ಪಾಗಿ ಹೇಳಿದರೆ ಮುಂದಿನ ಸಂಶೋಧಕನು ತಿದ್ದಿಯಾನು. ಇಲ್ಲಿ ಮಾಡಿದ ತಪ್ಪನ್ನು ತಿದ್ದಲು ರೋಗಿಯೇ ಉಳಿಯದಿರಬಹುದು.