ಜೆಟ್ ಸಣ್ಣದು ಮಾಡಿದರೆ ಮೈಲೇಜ್ ಬರುವುದೇ?

ಚನ್ನಗಿರಿ ತಾಲ್ಲೂಕಿನ ನಲ್ಲೂರಿನಂಥ ಅಡಿಕೆ ಸೀಮೆಯ ಊರಿನಲ್ಲಿ ಹಳೆಯ ಪ್ರೀಮಿಯರ್ ಪದ್ಮಿನಿಯನ್ನೋ ಅಂಬಾಸಿಡರನ್ನೋ ಜೋಪಾನ ಮಾಡಿಕೊಂಡವರಿಗೆ ಎದುರಾಗುವ ಮೊದಲ ಪ್ರಶ್ನೆ, ಲೀಟರಿಗೆ ಎಷ್ಟು ಕೊಡುತ್ತದೆ ಎಂಬುದೇ. 1089 ಸಿಸಿಯ ಪದ್ಮಿನಿಯಾಗಲಿ 1489 ಸಿಸಿಯ ಅಂಬಾಸಿಡರ್ ಆಗಲಿ ಇಂದಿನ ಸಣ್ಣ ಕಾರುಗಳ ಲೆಕ್ಕಕ್ಕೆ ಬರುವುದಿಲ್ಲ. ಆಗ ಸಿಗುವ ಸುಲಭದ ಸಲಹೆ: ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ಮೇನ್ ಜೆಟ್ ತೆಗೆದು ಸಣ್ಣ ನಂಬರಿನದು ಹಾಕಿಸಿ.

ಈ ಪದ್ಧತಿಯನ್ನು ಒಪ್ಪಲಾಗದು.

ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಜೆಟ್ ಸಣ್ಣದಾದರೆ ಪೆಟ್ರೋಲ್ ಕಡಿಮೆ ಬೀಳುತ್ತದೆ ನಿಜ. ಜೊತೆಗೆ ಗಾಡಿಯ ಎಳೆತವೂ ಕುಗ್ಗುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಇನ್ನಷ್ಟು ಒತ್ತಬೇಕಾಗಿ ಉಳಿಸಿದ್ದು ಅಲ್ಲೇ ಕರಗುತ್ತದೆ. ಎಂಜಿನ್ ಕಾಯುತ್ತದೆ, ಎಕ್ಸಾಸ್ಟ್ ವಾಲ್ವ್ ಸುಡುವ ಅಪಾಯವೂ ಉಂಟು. ಈಗಂತೂ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ಉರಿಯಲು ಕಿಲೋಗೆ ಒಂಬತ್ತು ಕಿಲೋ ಗಾಳಿ ಸಾಕು; ಅಂದರೆ ಅಷ್ಟೇ ಗಾಳಿಗೆ ಇಂಧನ ಹೆಚ್ಚು ಬೇಕು. ಹೊಸ ಕಾರಿನ ಸೆನ್ಸರ್ ಇದನ್ನು ಗುರುತಿಸಿ ಪೆಟ್ರೋಲ್ ಹೆಚ್ಚಿಸುತ್ತದೆ. ಕಾರ್ಬುರೇಟರಿಗೆ ಆ ಅನುಕೂಲವಿಲ್ಲ. ಹಳೆಯ ಜೆಟ್ಟಿನಲ್ಲೇ ಮಿಶ್ರಣ ತೆಳುವಾಗಿರುವಾಗ ಜೆಟ್ಟನ್ನು ಇನ್ನೂ ಕಿರಿದು ಮಾಡುವುದು ಎಂಜಿನ್ನಿಗೆ ಮಾಡುವ ಅನ್ಯಾಯ. ಎಥೆನಾಲಿನ ಶಕ್ತಿಯೇ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಡಿಮೆ. ಆದ್ದರಿಂದ ಮೈಲೇಜಿನ ಒಂದಿಷ್ಟು ಇಳಿಕೆ ಇಂಧನದ್ದೇ, ಮೆಕ್ಯಾನಿಕ್‌ನದಲ್ಲ.

ಮೈಲೇಜಿಗೆಂದು ಐಡಲ್ ಸ್ಕ್ರೂ ತಿರುಗಿಸುವವರದ್ದು ಇನ್ನೊಂದು ತಪ್ಪು ಕಲ್ಪನೆ. ಆ ಸ್ಕ್ರೂ ಮುಖ್ಯವಾಗಿ ಗಾಡಿ ನಿಂತು ಎಂಜಿನ್ ಓಡುವಾಗಿನ ಮಿಶ್ರಣವನ್ನು ನೋಡಿಕೊಳ್ಳುತ್ತದೆ. ರಸ್ತೆಯ ವೇಗದಲ್ಲಿ ಕೆಲಸ ಮೇನ್ ಜೆಟ್ಟಿನದು.

ಹಾಗಾದರೆ ಪೆಟ್ರೋಲ್ ಸೋರುವುದು ಎಲ್ಲಿ? ಪ್ಲಗ್ ಬಿಚ್ಚಿ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ತುದಿ ತಿಳಿ ಕಂದು ಇದ್ದರೆ ಮಿಶ್ರಣ ಸರಿ. ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು. ಬೆಳ್ಳಗೆ ಸುಟ್ಟಂತಿದ್ದರೆ ತೀರಾ ಕಡಿಮೆ. ಮಸಿ ಕಂಡರೂ ಜೆಟ್ಟಿಗೆ ಕೈಹಾಕುವ ಮುನ್ನ ಚೋಕ್ ಪೂರ್ತಿ ಹಿಂದಕ್ಕೆ ಬರುತ್ತಿದೆಯೇ, ಏರ್ ಫಿಲ್ಟರ್ ಕಟ್ಟಿದೆಯೇ, ಫ್ಲೋಟ್ ಸೂಜಿ ಸವೆದು ಪೆಟ್ರೋಲ್ ಉಕ್ಕುತ್ತಿದೆಯೇ ನೋಡಬೇಕು. ಅಂಬಾಸಿಡರಿನ ಡಿಸ್ಟ್ರಿಬ್ಯೂಟರ್ ಪಾಯಿಂಟಿನ ಗ್ಯಾಪ್ ಸುಮಾರು 0.4 ಮಿ.ಮೀ. ಇರಬೇಕು. ಗ್ಯಾಪ್ ತಪ್ಪಿದರೆ ಟೈಮಿಂಗೂ ತಪ್ಪುತ್ತದೆ. ವ್ಯಾಕ್ಯೂಮ್ ಅಡ್ವಾನ್ಸಿನ ಪೈಪ್ ಹರಿದಿದ್ದರೆ ಯಾವ ಜೆಟ್ಟೂ ನೆರವಾಗದು. ಜಾಕ್ ಹಾಕಿ ಎತ್ತಿದಾಗ ಚಕ್ರ ಸರಾಗವಾಗಿ ತಿರುಗದಿದ್ದರೆ ಬ್ರೇಕ್ ಹಿಡಿದುಕೊಂಡಿದೆ ಎಂದರ್ಥ.

ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿ ಜಾರಿಸುವ ಚಾಳಿ ಮಾತ್ರ ಬೇಡವೇ ಬೇಡ. ಎಂಜಿನ್ನಿನ ಹಿಡಿತ ತಪ್ಪಿ ಭಾರವೆಲ್ಲ ಡ್ರಮ್ ಬ್ರೇಕಿನ ಮೇಲೆ ಬೀಳುತ್ತದೆ.

ಹಳೆಯ ಕಾರಿನ ಒಡೆಯರಲ್ಲಿ ಒಂದು ವಿನಂತಿ. ಟ್ಯಾಂಕ್ ಫುಲ್ ಮಾಡಿಸಿ, ಓಡಿದ ಕಿಲೋಮೀಟರ್ ಬರೆದಿಟ್ಟು, ಮತ್ತೆ ಫುಲ್ ಮಾಡಿಸಿ ಲೆಕ್ಕ ಹಾಕಿ. ಒಂದು ಸಲಕ್ಕೆ ಒಂದೇ ರಿಪೇರಿ ಮಾಡಿಸಿ, ಮತ್ತೆ ಅಳೆಯಿರಿ. ಎಥೆನಾಲ್ ತಾಳದ ಹಳೆಯ ರಬ್ಬರ್ ಪೈಪುಗಳನ್ನು ಬದಲಿಸಿ. ಕಾರ್ಬುರೇಟರಿಗೆ ಕಂಪನಿ ಕೊಟ್ಟ ನಂಬರಿನ ಜೆಟ್ಟೇ ಇರಲಿ.