ಇನ್ನೊಂದು ಪೆಟ್ಟು ಬಿದ್ರ ನೆನಪು ಬರತೈತೇನ?

ನಮ್ಮ ಚಿಕ್ಕೋಡಿ, ರಾಯಬಾಗ ಕಡೆ ಸಿನಿಮಾ ಕಲಿಸಿದ ವೈದ್ಯಶಾಸ್ತ್ರ ಒಂದಿದೆ. ತಲೆಗೆ ಪೆಟ್ಟು ಬಿದ್ದರೆ ಮನುಷ್ಯ ಹೆಂಡತಿ ಮಕ್ಕಳನ್ನೇ ಮರೀತಾನೆ, ಇನ್ನೊಂದು ಪೆಟ್ಟು ಬಿದ್ದರೆ ಎಲ್ಲಾ ವಾಪಸ್ ಬರುತ್ತೆ. ಕನ್ನಡ, ಮರಾಠಿ, ಹಿಂದಿ ಮೂರನ್ನೂ ನೋಡಿ ಬೆಳೆದ ಗಡಿ ಮಂದಿ ನಾವು. ನಂಬಿಕೆ ಗಟ್ಟಿಯಾಗೇ ಕೂತಿದೆ.

1983ರ ‘ಸದ್ಮಾ’ ತಗೊಳ್ಳಿ. ಕಾರು ಅಪಘಾತದಲ್ಲಿ ಶ್ರೀದೇವಿಯ ಪಾತ್ರ ಮಗುವಿನ ಬುದ್ಧಿಗೆ ಇಳಿಯುತ್ತದೆ. ಕೊನೆಗೆ ಒಬ್ಬ ವೈದ್ಯರ ಚಿಕಿತ್ಸೆಯಿಂದ ಹಳೆಯ ನೆನಪೆಲ್ಲ ಒಮ್ಮೆಲೇ ಮರಳುತ್ತದೆ, ನಡುವಿನ ದಿನಗಳು ಅಳಿಸಿಹೋಗುತ್ತವೆ. ಸ್ಟೇಷನ್ನಿನಲ್ಲಿ ಕಮಲ್ ಹಾಸನ್ ಮಾಡುವ ಆ ಕೊನೆಯ ಕೋತಿಯಾಟ ನೋಡಿದರೆ ಇವತ್ತೂ ಗಂಟಲು ಕಟ್ಟುತ್ತೆ. ಕಥೆ ಗೆದ್ದಿದೆ. ಆದ್ರೆ ಮಿದುಳು ಹಾಗೆ ಸ್ವಿಚ್ ಒತ್ತಿದ ತಕ್ಷಣ ಹೊತ್ತಿಕೊಳ್ಳಲ್ಲ.

ಕಬ್ಬಿನ ಸೀಜನ್ನಿನಲ್ಲಿ ಅಥಣಿ, ಕಾಗವಾಡದ ರಸ್ತೆಗಳನ್ನು ರಾತ್ರಿ ನೋಡಿದವರಿಗೆ ಹಿಂದೆ ಲೈಟಿಲ್ಲದ ಟ್ರೇಲರ್ ಏನಂತ ಗೊತ್ತು. ಹೆಲ್ಮೆಟ್ ಇಲ್ಲದೆ ಅದಕ್ಕೆ ಗುದ್ದಿದ ಹುಡುಗನನ್ನು ಮಿರಜ್‌ಗೋ ಬೆಳಗಾವಿಗೋ ಒಯ್ಯುತ್ತಾರೆ. ಬದುಕಿ ಬಂದವನಿಗೆ ಸಾಮಾನ್ಯವಾಗಿ ಹೆಸರು, ಊರು, ಅವ್ವ ಎಲ್ಲಾ ನೆನಪಿರುತ್ತೆ. ಕೈಕೊಡೋದು ಬೇರೆಯೇ: ಗಮನ, ವೇಗ, ಹೊಸದನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ, ಸಿಟ್ಟಿನ ಮೇಲಿನ ಹಿಡಿತ. ನಾಲ್ಕು ಮಂದಿ ಒಟ್ಟಿಗೆ ಮಾತಾಡಿದರೆ ತಲೆ ಸಿಡಿಯುತ್ತೆ. ಎರಡು ತಾಸು ಕೆಲಸ ಮಾಡಿದರೆ ದಿನವಿಡೀ ಸುಸ್ತು. ಗಾಯ ಮಾಯ್ದಿದೆ, ಆಳು ಚೆಂದ ಕಾಣ್ತಾನೆ. ಹಾಗಾಗಿ ಊರವರ ತೀರ್ಪು: “ಮೈಗಳ್ಳ ಆಗ್ಯಾನ, ನಾಟಕ ಮಾಡ್ತಾನ.” ಸಿನಿಮಾ ತೋರಿಸದೇ ಇದ್ದ ಭಾಗದಿಂದಲೇ ಸಂಸಾರ ಮುರಿಯೋದು.

1974ರಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ಕೊಟ್ಟ ಗ್ಲಾಸ್ಗೋ ಮಾಪಕದಲ್ಲಿ 3ರಿಂದ 15ರವರೆಗೆ ಅಂಕ. 15 ಬಂದ್ರೆ ಮನೆಯವರು ಉಸಿರು ಬಿಡ್ತಾರೆ. ಆದರೆ ಆ ಅಂಕ ಎಚ್ಚರವನ್ನು ಅಳೆಯುತ್ತೆ, ಸಂತೆಯ ಲೆಕ್ಕವನ್ನಲ್ಲ. ಚೇತರಿಕೆ ಮೊದಲ ಆರು ತಿಂಗಳು ಜೋರು, ಆಮೇಲೆ ನಿಧಾನ, ಆದರೆ ವರ್ಷಗಟ್ಟಲೆ ನಡೆಯಬಲ್ಲದು. ಇದಕ್ಕೆ ತರಬೇತಿ ಕೊಡುವ ನಿಮ್ಹಾನ್ಸ್ ಇಲ್ಲಿಂದ ಐನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ. ಡಿಸ್ಚಾರ್ಜ್ ಆದಮೇಲೆ ಬಹಳಷ್ಟು ಮಂದಿಗೆ ಮನೆಯೇ ಆಸ್ಪತ್ರೆ, ಹೆಂಡತಿಯೇ ಡಾಕ್ಟರು.

ಮುರುಗದಾಸ್ ಅವರ ‘ಗಜಿನಿ’ಯನ್ನು (ತಮಿಳು 2005, ಹಿಂದಿ 2008) ಎಲ್ಲರೂ ಹದಿನೈದು ನಿಮಿಷದ ನೆನಪಿಗಾಗಿ ಬೈತಾರೆ. ಬೈಯಲಿ, ಅಷ್ಟು ಕರಾರುವಾಕ್ಕಾದ ಗಡಿಯಾರ ಯಾವ ಮಿದುಳಿಗೂ ಇಲ್ಲ. ಆದರೂ ಅದರಲ್ಲೊಂದು ನಿಜ ಇದೆ: ನಾಯಕ ಚೀಟಿ, ಫೋಟೋ ಇಟ್ಟುಕೊಂಡು ಬದುಕ್ತಾನೆ. ಡೈರಿ, ಮೊಬೈಲ್ ಅಲಾರಂ, ಒಂದು ಸಲಕ್ಕೆ ಒಂದೇ ಕೆಲಸ ಅಂತ ಚಿಕಿತ್ಸಕರು ಹೇಳೋದೂ ಅದನ್ನೇ. ಸಿನಿಮಾ ಆ ಉಪಕರಣವನ್ನು ಸೇಡಿಗೆ ಬಳಸಿತು, ಬದುಕಿಗೆ ಬಳಸಲಿಲ್ಲ.

2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದ ಕಾಯಿಲೆ ಬೇರೆ, ಅಲ್ಝೈಮರ್ಸ್. ಆದರೆ ಅನಂತನಾಗ್ ಪಾತ್ರವನ್ನು ಪವಾಡದಿಂದ ವಾಸಿ ಮಾಡುವ ಆತುರ ಹೇಮಂತ್ ರಾವ್ ಅವರಿಗಿರಲಿಲ್ಲ. ಮರೆವಿನ ಜೊತೆ ಬದುಕುವವರನ್ನೂ ತೋರಿಸಿದರು.

ತಲೆಗೆ ಪೆಟ್ಟಾದವರ ಬಗ್ಗೆ ಅಂಥದ್ದೊಂದು ಕನ್ನಡ ಚಿತ್ರ ಬೇಕು. ಅದು ಅಪಘಾತದಿಂದ ಶುರುವಾಗೋದು ಬೇಡ, ಎರಡನೇ ವರ್ಷದಿಂದ ಶುರುವಾಗಲಿ. ನಿಪ್ಪಾಣಿಯ ಸಂತೆಗೆ ಒಬ್ಬನೇ ಹೋಗಿ, ಚೀಟಿ ನೋಡಿ ಐದು ಸಾಮಾನು ತಂದು, ಚಿಲ್ಲರೆ ಸರಿಯಾಗಿ ಎಣಿಸಿ ಕೊಡುವ ಒಬ್ಬ ಮನುಷ್ಯ. ಕ್ಲೈಮ್ಯಾಕ್ಸಿಗೆ ಅಷ್ಟು ಸಾಕು.