ಚೌಕದೊಳಗಿನ ಶಾಯಿ

ಅಂಕಪಟ್ಟಿ ಹಚ್ಚಿದ ಮಧ್ಯಾಹ್ನವೇ ಆ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. "ಸರ್, ಇಪ್ಪತ್ತೈದರಲ್ಲಿ ನಂದು ಒಂದೂ ಸರಿ ಇಲ್ವಾ?" ಮೊದಲ ಬೆಂಚಿನವಳು, ಸೊನ್ನೆ ತೆಗೆದುಕೊಳ್ಳುವ ಪೈಕಿಯವಳಲ್ಲ. ಕಂಪ್ಯೂಟರಿನಲ್ಲಿ ಅವಳ ಹಾಳೆ ತೆಗೆದೆ. ಚೌಕವನ್ನು ಪೂರ್ತಿ ತುಂಬಬೇಕೆಂದು ಮೇಲೆಯೇ ಅಚ್ಚಾಗಿದ್ದರೂ ಅವಳು ಎಲ್ಲದರಲ್ಲೂ ತೆಳ್ಳಗೆ ರೈಟ್ ಗುರುತು ಹಾಕಿದ್ದಳು. ಯಂತ್ರದ ಲೆಕ್ಕಕ್ಕೆ ಅವೆಲ್ಲ ಖಾಲಿ ಚೌಕಗಳು.

ನಾನು ಬಳಸುವುದು ಆಟೋ ಮಲ್ಟಿಪಲ್ ಚಾಯ್ಸ್ ಎಂಬ ಮುಕ್ತ ತಂತ್ರಾಂಶ. ಫ್ರಾನ್ಸಿನ ಅಲೆಕ್ಸಿ ಬಿಯಾಂವೆನ್ಯು ಬರೆದದ್ದು. ಜಿಪಿಎಲ್ ಪರವಾನಗಿಯಡಿ ಯಾರು ಬೇಕಾದರೂ ಬಳಸಬಹುದು, ತಿದ್ದಲೂಬಹುದು. ಹಾಳೆಯ ನಾಲ್ಕು ಮೂಲೆಗಳ ಕಪ್ಪು ಬೊಟ್ಟುಗಳನ್ನು ಹಿಡಿದು ಸ್ಕ್ಯಾನ್ ಎಷ್ಟು ವಾಲಿದೆಯೆಂದು ಅದು ಲೆಕ್ಕ ಹಾಕುತ್ತದೆ. ಪ್ರತಿ ಚೌಕವನ್ನೂ ಗುರುತಿಸಿ ಅದರೊಳಗೆ ಎಷ್ಟು ಪಾಲು ಕಪ್ಪಾಗಿದೆ ಎಂದು ಅಳೆಯುತ್ತದೆ. ಎಷ್ಟು ಕಪ್ಪಾದರೆ ಉತ್ತರವೆಂದು ಎಣಿಸಬೇಕು ಎಂಬುದನ್ನು ಮೇಷ್ಟ್ರು ಹೇಳಬೇಕು. ನಾನು 0.5 ಎಂದಿದ್ದೆ, ಅಂದರೆ ಅರ್ಧ ಚೌಕ. ರೈಟ್ ಗುರುತಿನ ಶಾಯಿ ಅಷ್ಟು ಜಾಗ ತುಂಬುವುದಿಲ್ಲ.

ಮಿತಿಯನ್ನು 0.15ಕ್ಕೆ ಇಳಿಸಿ ನೋಡಿದೆ. ಮತ್ತೆ ಸ್ಕ್ಯಾನ್ ಮಾಡಬೇಕಿಲ್ಲ, ಅಳತೆಗಳೆಲ್ಲ ಆಗಲೇ ಉಳಿದಿರುತ್ತವೆ. ಅವಳ ಗುರುತುಗಳು ಲೆಕ್ಕಕ್ಕೆ ಬಂದವು. ಆದರೆ ಹಿಂದಿನ ಬೆಂಚಿನ ಹುಡುಗನೊಬ್ಬ ಪೆನ್ಸಿಲಿನಲ್ಲಿ ತುಂಬಿ ಅರ್ಧಂಬರ್ಧ ಅಳಿಸಿದ ಚೌಕಗಳೂ ಬಂದುಬಿಟ್ಟವು. ಒಂದೇ ಉತ್ತರದ ಪ್ರಶ್ನೆಗೆ ಎರಡು ಉತ್ತರ, ಅಂಕ ಸೊನ್ನೆ. ಮಿತಿಯನ್ನು ಮೊದಲಿನಂತೆ ಮಾಡಿ, ಅವಳ ಹಾಳೆಗಳನ್ನಷ್ಟೇ ತೆರೆದು, ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಚೌಕವನ್ನು ಕೈಯಿಂದ ಗುರುತಿಸಿದೆ. ಹತ್ತು ನಿಮಿಷ ಹಿಡಿಯಿತು.

ಈ ತಂತ್ರಾಂಶವನ್ನು ನಾನು ಮೆಚ್ಚುವುದು ಆ ಹತ್ತು ನಿಮಿಷಕ್ಕಾಗಿ. ವೇಗವನ್ನು ಯಾವ ಒಎಂಆರ್ ಯಂತ್ರವೂ ಕೊಡುತ್ತದೆ. ಈ ತಂತ್ರಾಂಶವಾದರೋ ಚೌಕಗಳ ಚಿತ್ರಗಳನ್ನೆಲ್ಲ ಸಾಲಾಗಿ ಜೋಡಿಸಿ, ಯಾವುದನ್ನು ಉತ್ತರವೆಂದು ಎಣಿಸಿತು, ಯಾವುದನ್ನು ಬಿಟ್ಟಿತು ಎಂದು ಕಣ್ಣೆದುರು ಇಡುತ್ತದೆ. ತಪ್ಪಿದ್ದರೆ ತಿದ್ದಲು ಬಿಡುತ್ತದೆ. ಉತ್ತರ ಪತ್ರಿಕೆ ತಿದ್ದುವ ಯಂತ್ರದ ಮೂಲದಲ್ಲೂ ಒಬ್ಬ ಮೇಷ್ಟ್ರಿದ್ದಾರೆ. ಅಮೆರಿಕದ ಮಿಷಿಗನ್ನಿನ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ರೆನಾಲ್ಡ್ ಜಾನ್ಸನ್, ಪೆನ್ಸಿಲ್ ಗುರುತಿನ ಗ್ರಾಫೈಟ್‌ನಲ್ಲಿ ವಿದ್ಯುತ್ ಹರಿಯುತ್ತದೆ ಎಂಬುದನ್ನೇ ಹಿಡಿದು ಯಂತ್ರ ಕಟ್ಟಿದರು. ಅದನ್ನು ಐಬಿಎಂ ಕೊಂಡು 1938ರಲ್ಲಿ 805 ಎಂಬ ಹೆಸರಿನಲ್ಲಿ ಹೊರತಂದಿತು. ಮೇಷ್ಟ್ರ ಕೈಯಿಂದ ಕಂಪನಿಗೆ ಹೋದ ಯಂತ್ರ ಮತ್ತೆ ಮೇಷ್ಟ್ರ ಮೇಜಿಗೆ ಬಂದಂತೆ ನನಗನಿಸುತ್ತದೆ.

ಮೆಚ್ಚಿದ ಮಾತ್ರಕ್ಕೆ ಕೊರತೆಗಳನ್ನು ಮುಚ್ಚಿಡಲಾರೆ. ಮೊದಲನೆಯದಾಗಿ, ಇದರ ಬಾಗಿಲು ಕಿರಿದು. ವಿಂಡೋಸ್‌ನಲ್ಲಿ ನೇರವಾಗಿ ನಡೆಯುವುದಿಲ್ಲ, ಲಿನಕ್ಸ್ ಅಥವಾ ಮ್ಯಾಕ್ ಬೇಕು. ಪ್ರಶ್ನೆಗಳನ್ನು ಲೇಟೆಕ್ ಎಂಬ ಅಕ್ಷರಜೋಡಣೆಯ ಭಾಷೆಯಲ್ಲಿ ಬರೆಯಬೇಕು. ಸಾಲಿನ ಮುಂದೆ ಪ್ಲಸ್ ಹಾಕಿದರೆ ಸರಿ ಉತ್ತರ, ಮೈನಸ್ ಹಾಕಿದರೆ ತಪ್ಪು ಉತ್ತರ ಎಂಬ ಸುಲಭ ದಾರಿಯೂ ಉಂಟು. ಆದರೆ ಭೌತಶಾಸ್ತ್ರದ ಸೂತ್ರಗಳಿಗೆ ಹೇಗೂ ಲೇಟೆಕ್ಕೇ ಗತಿ. ಅದರದೇ ಇನ್ನೊಂದು ರೂಪವಾದ ಜೀಲೇಟೆಕ್ ಜೊತೆ ಓಡಿಸಿದರೆ ಕನ್ನಡದ ಒತ್ತಕ್ಷರಗಳು ಮುಕ್ಕಾಗದೆ ಅಚ್ಚಾಗುತ್ತವೆ. ಅದನ್ನು ಕೂಡಿಸಿಕೊಳ್ಳಲು ನನಗೆ ಒಂದು ಭಾನುವಾರ ಪೂರ್ತಿ ಹೋಯಿತು. ಪಕ್ಕದ ಮೇಜಿನ ಕನ್ನಡ ಮೇಡಂ ಅವರಿಗೆ ಇದನ್ನು ಹೇಳಿಕೊಡಲು ನನಗೆ ಇನ್ನೂ ಆಗಿಲ್ಲ.

ಎರಡನೆಯದು ಅಂಕ ಕೊಡುವ ಕ್ರಮ. ಒಂದಕ್ಕಿಂತ ಹೆಚ್ಚು ಸರಿ ಉತ್ತರವಿರುವ ಪ್ರಶ್ನೆಗೆ ನಾವೇನೂ ಸೂಚಿಸದಿದ್ದರೆ ಅದು ಪ್ರತಿ ಚೌಕಕ್ಕೂ ಒಂದೊಂದು ಅಂಕದ ಲೆಕ್ಕ ಹಿಡಿಯುತ್ತದೆ. ನಾಲ್ಕರಲ್ಲಿ ಎರಡು ಸರಿ ಇದ್ದು, ಏನೂ ಗೊತ್ತಿಲ್ಲದವನು ನಾಲ್ಕನ್ನೂ ತುಂಬಿದರೆ ಅವನಿಗೂ ಅರ್ಧ ಅಂಕ. ತಪ್ಪಿಗೆ ಅಂಕ ಕಳೆಯುವ ಸೂತ್ರವನ್ನು ನಾವೇ ಬರೆಯಬಹುದು. ಆದರೆ ಬರೆಯಬೇಕೆಂಬುದು ಕೈಪಿಡಿಯನ್ನು ಗಮನವಿಟ್ಟು ಓದದವರಿಗೆ ತಿಳಿಯದು.

ಮೂರನೆಯದು ನಮ್ಮ ಅಭ್ಯಾಸಕ್ಕೂ ಅದರ ಅಭ್ಯಾಸಕ್ಕೂ ಇರುವ ಅಂತರ. ಒಬ್ಬೊಬ್ಬರಿಗೂ ಪ್ರಶ್ನೆ, ಆಯ್ಕೆಗಳ ಕ್ರಮ ಬದಲಿಸಿದ ಬೇರೆ ಬೇರೆ ಪ್ರತಿ ಮಾಡುವುದು ಇದರ ದೊಡ್ಡ ಗುಣ. ಪಕ್ಕದವನ ಹಾಳೆ ಇಣುಕಿ ಪ್ರಯೋಜನವಿಲ್ಲ. ಆದರೆ ನಾವು ಒಂದು ಪ್ರತಿ ತೆಗೆದು ಜೆರಾಕ್ಸ್ ಅಂಗಡಿಗೆ ಕೊಟ್ಟು ರೂಢಿಯಾದವರು. ಮೊದಲ ಸಲ ಅಂಗಡಿಯವನು ನನ್ನ ಕಡತವನ್ನು ಪುಟಕ್ಕೆ ಹೊಂದಲೆಂದು ಸ್ವಲ್ಪ ಹಿಗ್ಗಿಸಿಬಿಟ್ಟ. ಕೆಳಗಿನ ಎಡ ಮೂಲೆಯ ಬೊಟ್ಟು ಹಲವು ಹಾಳೆಗಳಲ್ಲಿ ಅರ್ಧ ಕತ್ತರಿಸಿಹೋಗಿತ್ತು. ಯಂತ್ರ ಅವನ್ನು ಗುರುತಿಸಲೇ ಇಲ್ಲ. ಆ ಕಟ್ಟನ್ನು ಕೊನೆಗೆ ಕೆಂಪು ಪೆನ್ನಿನಲ್ಲೇ ತಿದ್ದಿದೆ. ಈಗ ಮೂಲ ಅಳತೆಯಲ್ಲೇ ಅಚ್ಚು ಹಾಕುವಂತೆ ಚೀಟಿ ಬರೆದು ಕೊಡುತ್ತೇನೆ.

ಬಹು ಆಯ್ಕೆಯ ಪ್ರಶ್ನೆಗಳಿಂದ ಕಲಿಕೆ ಬಡವಾಗುತ್ತದೆ ಎಂಬ ಆಕ್ಷೇಪವನ್ನು ನಾನೂ ಒಪ್ಪುತ್ತೇನೆ. ಸಿಇಟಿಗಾಗಿ ಎರಡು ವರ್ಷ ವೃತ್ತ ತುಂಬುವುದನ್ನೇ ಕಲಿತ ಮಕ್ಕಳಿಗೆ ಒಂದು ಪ್ಯಾರಾ ಬರೆಯಿರಿ ಎಂದರೆ ಕೈ ನಡುಗುತ್ತದೆ. ಆದರೆ ಈ ತಂತ್ರಾಂಶದಲ್ಲಿ ಬರೆಯುವ ಪ್ರಶ್ನೆಯನ್ನೂ ಸೇರಿಸಬಹುದು. ಉತ್ತರದ ಪಕ್ಕದಲ್ಲಿ ಮೇಷ್ಟ್ರಿಗೆಂದೇ ಕೆಲವು ಚೌಕಗಳಿರುತ್ತವೆ. ಓದಿ, ಅಂಕದ ಚೌಕ ತುಂಬಿ, ಆಮೇಲೆ ಸ್ಕ್ಯಾನ್‌ಗೆ ಹಾಕಿದರಾಯಿತು. ನಾನೀಗ ಪ್ರತಿ ಪರೀಕ್ಷೆಯಲ್ಲೂ ಅಂಥ ಎರಡು ಪ್ರಶ್ನೆ ಇಡುತ್ತೇನೆ.

ತಿದ್ದಿದ ಹಾಳೆಯನ್ನು ಬಣ್ಣದ ಗುರುತುಗಳೊಂದಿಗೆ ಪಿಡಿಎಫ್ ಮಾಡಿ ಒಬ್ಬೊಬ್ಬರಿಗೂ ಕಳಿಸಬಹುದು. ಕಳೆದ ಪರೀಕ್ಷೆಯಲ್ಲಿ ಹಾಗೆ ಕಳಿಸಿದ ಸಂಜೆಯೇ, ರೈಟ್ ಗುರುತಿನ ಆ ಹುಡುಗಿ ಹದಿನೇಳನೆಯ ಪ್ರಶ್ನೆಯ ಕೀ ಉತ್ತರವೇ ತಪ್ಪು ಎಂದು ಲೆಕ್ಕ ಮಾಡಿ ತೋರಿಸಿದಳು. ಅವಳದೇ ಸರಿ. ಮೂಲ ಕಡತದಲ್ಲಿ ಎರಡು ಆಯ್ಕೆಗಳ ಗುರುತು ಬದಲಿಸಿ ಮತ್ತೆ ಓಡಿಸಿದೆ. ಇಡೀ ತರಗತಿಯ ಅಂಕ ಕ್ಷಣಗಳಲ್ಲಿ ಹೊಸದಾಗಿ ಬಂತು. ಕೆಲವರಿಗೆ ಒಂದು ಹೆಚ್ಚು, ಕೆಲವರಿಗೆ ಒಂದು ಕಡಿಮೆ. ಕಡಿಮೆಯಾದವರ ಹೆಸರು ಬರೆದುಕೊಂಡು ಮರುದಿನ ತರಗತಿಗೆ ಹೋಗಿ, ತಪ್ಪು ನನ್ನದೆಂದು ಹೇಳಿ, ಆ ಲೆಕ್ಕವನ್ನು ಅವಳ ಕೈಯಲ್ಲೇ ಬೋರ್ಡಿನ ಮೇಲೆ ಮಾಡಿಸಿದೆ.